ಮದುವೆಗೆ ಮುಂಚೆ ಮನೆಯಲ್ಲೇ ತುಟಿಗೆ ಫಿಲ್ಲರ್ ಹಾಕಿಕೊಳ್ಳಬಹುದಾ?

ಗೋಣಿಕೊಪ್ಪದ ತಂಗಿ:
ಅಕ್ಕನ ಮದುವೆ ಏಪ್ರಿಲ್ ಕೊನೆಗೆ. ಅವಳು ಆನ್‌ಲೈನ್‌ನಲ್ಲಿ ಒಂದು ಹೈಲುರಾನ್ ಪೆನ್ನು, ಎರಡು ಸಿರಿಂಜ್ ಫಿಲ್ಲರ್ ತರಿಸಿಕೊಂಡಿದ್ದಾಳೆ. ಫಿಲ್ಲರ್ ಅಂದರೆ ತುಟಿ ಉಬ್ಬಿಸೋಕೆ, ಗೆರೆ ತುಂಬೋಕೆ ಹಾಕೋ ಜೆಲ್. ತುಟಿಗೆ ಪೆನ್ನು, ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಗೆರೆಗೆ ಸೂಜಿ. ಎಲ್ಲ ವಿಡಿಯೋ ನೋಡಿ ಕಲಿತಿದ್ದಾಳಂತೆ. ನನ್ನ ಕೆಲಸ ಕನ್ನಡಿ ಹಿಡಿಯೋದು. ಬಾಕ್ಸ್ ಮೇಲೆ ಪೂರ್ತಿ ಕೊರಿಯನ್ ಅಕ್ಷರ, ಬ್ಯಾಚ್ ನಂಬರ್ ಇರಬೇಕಾದ ಕಡೆ ಯಾವುದೋ ಸ್ಟಿಕ್ಕರ್. ಬೇಡ ಅಂದರೆ "ಶುಗರ್ ಇರೋರು ದಿನಾ ಚುಚ್ಚಿಕೊಳ್ಳಲ್ವಾ? ಅಪ್ಪ ಹಸುವಿಗೆ ಇಂಜೆಕ್ಷನ್ ಕೊಡಲ್ವಾ?" ಅಂತಾಳೆ. ನನಗೆ ವಾದ ಮಾಡೋಕೆ ಬರಲ್ಲ. ಗೊತ್ತಿರುವವರು ಯಾರಾದರೂ ಸರಿಯಾಗಿ ಹೇಳಿ.

ಅಮ್ಮತ್ತಿ ಸಿಸ್ಟರ್:
ನಾನು ನರ್ಸ್. ಮೈಸೂರಿನ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ವರ್ಷಗಟ್ಟಲೆ ಇದ್ದು ಈಗ ಊರಿಗೆ ಬಂದಿದ್ದೇನೆ. ನಿಮ್ಮಕ್ಕನಿಗೆ ಇದನ್ನು ಪೂರ್ತಿ ಓದಲು ಕೊಡಿ.

ಇನ್ಸುಲಿನ್ ನೀರಿನ ಹಾಗಿರುತ್ತದೆ, ಹೊಟ್ಟೆಯ ಕೊಬ್ಬಿಗೆ ಹೋಗಿ ಕರಗುತ್ತದೆ. ಫಿಲ್ಲರ್ ಜೆಲ್. ಅದು ರಕ್ತನಾಳದೊಳಗೆ ಹೋದರೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ನಿಮ್ಮಕ್ಕ ಚುಚ್ಚಬೇಕು ಅಂದುಕೊಂಡಿರುವ ಆ ಗೆರೆಯ ಹತ್ತಿರವೇ ಮುಖದ ಮುಖ್ಯ ಅಪಧಮನಿ ಹೋಗುತ್ತದೆ. ಎಷ್ಟು ಆಳದಲ್ಲಿ ಅನ್ನುವುದು ಒಬ್ಬೊಬ್ಬರಿಗೂ ಬೇರೆ, ಕನ್ನಡಿಯಲ್ಲಿ ಕಾಣುವುದೂ ಇಲ್ಲ. ಅದರ ಕವಲು ಮೂಗಿನ ಪಕ್ಕ ಹತ್ತಿ, ಕಣ್ಣಿನ ಒಳಮೂಲೆಯಲ್ಲಿ ಕಣ್ಣಿನ ನಾಳಗಳ ಕವಲಿಗೆ ಸೇರುತ್ತದೆ. ಸಿರಿಂಜ್ ಜೋರಾಗಿ ಒತ್ತಿದರೆ ಜೆಲ್ ಹಿಂದಕ್ಕೆ ನುಗ್ಗಿ ಕಣ್ಣಿನ ಒಳಪರದೆ ರೆಟಿನಾಗೆ ಹೋಗುವ ರಕ್ತವನ್ನೇ ತಡೆಯಬಹುದು. ಅಪರೂಪ, ನಿಜ. ಆದರೆ ಒಮ್ಮೆ ಆಯಿತೆಂದರೆ ಕಣ್ಣು ಹೋದ ಹಾಗೇ. ರಕ್ತ ನಿಂತ ರೆಟಿನಾಗೆ ಇರುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಗೋಣಿಕೊಪ್ಪದಿಂದ ಮೈಸೂರಿಗೆ ಸುಮಾರು 90 ಕಿ.ಮೀ. ತಿತಿಮತಿ, ಆನೆಚೌಕೂರು ಕಾಡು, ಹುಣಸೂರು ದಾಟಬೇಕು. ಆನೆ ರಸ್ತೆಗೆ ಬಂದು ನಿಂತರೆ ಕತೆ ಮುಗಿಯಿತು. ಕ್ಲಿನಿಕ್‌ಗಿಂತ ದುಡ್ಡು ಉಳಿಯುತ್ತದೆ ಅನ್ನುವವರು ಈ ದಾರಿಯ ಲೆಕ್ಕವನ್ನೂ ಹಾಕಬೇಕಲ್ವಾ?

ಹೈಲುರಾನಿಕ್ ಆಸಿಡ್ ಫಿಲ್ಲರನ್ನು ಕರಗಿಸುವ ಔಷಧ ಇದೆ, ಹೈಲುರಾನಿಡೇಸ್ ಅಂತ. ಅದು ಸ್ಟಾಕ್ ಇಲ್ಲದ ದಿನ ನಮ್ಮ ಡಾಕ್ಟರು ಫಿಲ್ಲರ್ ಮುಟ್ಟುತ್ತಲೇ ಇರಲಿಲ್ಲ. ಎಷ್ಟು ಜನ ಕಾದು ಕೂತಿದ್ದರೂ ಅಷ್ಟೇ. ಒಮ್ಮೆ ಒಬ್ಬ ಹುಡುಗಿ ಮನೆಯಲ್ಲೇ ತುಟಿಗೆ ಹಾಕಿಕೊಂಡು ಮಾರನೇ ದಿನ ಬಂದಳು. ಮೇಲ್ದುಟಿಯ ಒಂದು ಕಡೆ ಮೊದಲು ಬೆಳ್ಳಗಾಗಿತ್ತಂತೆ. ಬರುವಷ್ಟರಲ್ಲಿ ಮೂಗಿನ ತನಕ ನೇರಳೆ ಬಣ್ಣ ಬಲೆ ಬಲೆಯಾಗಿ ಹರಡಿತ್ತು. ಡಾಕ್ಟರು ಬೆರಳಲ್ಲಿ ಒತ್ತಿ ಬಿಟ್ಟರು. ಎರಡು ಸೆಕೆಂಡಿನಲ್ಲಿ ವಾಪಸ್ ಬರಬೇಕಾದ ಕೆಂಪು ಬರಲೇ ಇಲ್ಲ. ಗಂಟೆಗೊಮ್ಮೆ ಔಷಧ ಚುಚ್ಚುವುದು, ಬಿಸಿ ಬಟ್ಟೆ ಇಡುವುದು, ಮತ್ತೆ ಒತ್ತಿ ನೋಡುವುದು, ಇಷ್ಟೇ ನಡೆಯಿತು ಸಂಜೆವರೆಗೆ. ತುಟಿ ಉಳಿಯಿತು. ಮೂಗಿನ ಹೊಳ್ಳೆ ಹತ್ತಿರ ಚರ್ಮ ಸತ್ತು ಕಲೆ ಉಳಿಯಿತು. ಬಾಕ್ಸಿನಲ್ಲಿ ಇದ್ದದ್ದು ಸಿಲಿಕೋನ್ ಆಗಿದ್ದರೆ ಆ ಔಷಧವೂ ಕೆಲಸ ಮಾಡುತ್ತಿರಲಿಲ್ಲ. ಸ್ಟಿಕ್ಕರ್ ಕೆಳಗೆ ಏನಿದೆಯೋ ಯಾರಿಗೆ ಗೊತ್ತು?

ಪೆನ್ನಿಗೆ ಸೂಜಿ ಇಲ್ಲ, ಅದಕ್ಕೇ ಜನ ಧೈರ್ಯ ಮಾಡುತ್ತಾರೆ. ಅದು ಒತ್ತಡದಲ್ಲಿ ಜೆಲ್ಲನ್ನು ಚರ್ಮದೊಳಗೆ ಹೊಡೆಯುತ್ತದೆ. ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಇಂಥ ಪೆನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ.

ಮೆಡಿಕಲ್ ಶಾಪಿನವ, ಕುಶಾಲನಗರ:
ಸಿಸ್ಟರ್ ಹೇಳಿದ್ದು ಸರಿ. ಮುಖದ ಗೆರೆ ಹೋಗಿಸಲು ಚುಚ್ಚುವ ಬೊಟಾಕ್ಸ್ ತರಿಸಿಕೊಡಿ ಅಂತಲೂ ನನ್ನ ಹತ್ತಿರ ಕೇಳುತ್ತಾರೆ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಮಾಲು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ! ಇನ್ನು ಕೊರಿಯರ್ ಚೀಲದಲ್ಲಿ ಬಂದದ್ದನ್ನು ಏನು ಹೇಳೋಣ. ಮತ್ತೆ ಅದು ಪುಡಿ. ಸಲೈನ್ ಸೇರಿಸಿ ಯೂನಿಟ್ ಲೆಕ್ಕ ಹಾಕಬೇಕು. ಹುಬ್ಬಿನ ನಡುವಿನ ಗೆರೆಗೆ 20 ಯೂನಿಟ್, ಬಾಟಲಿಯಲ್ಲಿ 100. ಲೆಕ್ಕ ತಪ್ಪಿದರೆ ರೆಪ್ಪೆ ಜೋತುಬೀಳುವುದು, ಎಂಜಲು ನುಂಗಲಾಗದಿರುವುದು, ಇನ್ನೂ ಜಾಸ್ತಿಯಾದರೆ ಉಸಿರಿಗೇ ತೊಂದರೆ. ಅಮೆರಿಕದಲ್ಲಿ 2024ರಲ್ಲಿ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದ್ದಾರೆ.

ಮಡಿಕೇರಿ ಮಂಜು:
ಇದೆಲ್ಲ ಬಿಡಿ, ಬೆಳ್ಳಗಾಗೋ ಗ್ಲುಟಾಥಿಯೋನ್ ಡ್ರಿಪ್ ಪರವಾಗಿಲ್ವಾ? ಪಾರ್ಲರ್‌ನವರು ಮನೆಗೇ ಬಂದು ಹಾಕ್ತಾರಂತೆ.

ಅಮ್ಮತ್ತಿ ಸಿಸ್ಟರ್:
ಮಂಜು, ನಮ್ಮ ದೇಶದಲ್ಲಿ ಆ ಇಂಜೆಕ್ಷನ್‌ಗೆ ಒಪ್ಪಿಗೆ ಇರುವುದು ಲಿವರ್ ಕಾಯಿಲೆಗೆ. ಬಣ್ಣಕ್ಕಲ್ಲ. ಫಿಲಿಪೈನ್ಸ್ ಸರ್ಕಾರ 2011ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು: ಚರ್ಮ ಸುಲಿಯುವಷ್ಟು ಅಲರ್ಜಿ, ಕಿಡ್ನಿ ತೊಂದರೆ. ನರಕ್ಕೆ ಹಾಕುವ ಯಾವುದಕ್ಕೂ ಅಲರ್ಜಿ ಆದರೆ ನಿಮಿಷಗಳಲ್ಲಿ ಬಿಪಿ ಬೀಳುತ್ತದೆ. ಪಾರ್ಲರ್ ಹುಡುಗಿಯ ಬ್ಯಾಗಿನಲ್ಲಿ ಆಗ ಜೀವ ಉಳಿಸುವ ಇಂಜೆಕ್ಷನ್ ಅಡ್ರಿನಲಿನ್ ಇರುತ್ತದಾ, ಕೇಳಿ ನೋಡಿ. ಎಲ್ಲೇ ಮಾಡಿಸಿದರೂ ಗೋಡೆ ಮೇಲೆ ಕೆಪಿಎಂಇ ನೋಂದಣಿ ಪತ್ರ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ರಾಜ್ಯ ಸರ್ಕಾರ ಕೊಡುವುದು) ಇದೆಯಾ ನೋಡಿ, ಚುಚ್ಚುವವರು ಚರ್ಮದ ಡಾಕ್ಟರಾ ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ತಂಗೀ, ಅಕ್ಕನಿಗೆ ಫಿಲ್ಲರ್ ಬೇಕೇ ಬೇಕು ಅಂದರೆ ಮದುವೆಗೆ ಒಂದು ತಿಂಗಳಾದರೂ ಮುಂಚೆ ಡಾಕ್ಟರ ಹತ್ತಿರ ಹೋಗಲಿ. ಊತ, ನೀಲಿಗಟ್ಟಿದ್ದು ಇಳಿಯಲು ಸಮಯ ಬೇಕು. ನನ್ನನ್ನು ಕೇಳಿದರೆ ನಮ್ಮ ಕೊಡವ ಮದುವೆಯ ಗಂಗಾಪೂಜೆಯಲ್ಲಿ ಮದುಮಗಳು ತಲೆ ಮೇಲೆ ಕೊಡ ಹೊತ್ತು ಗಂಟೆಗಟ್ಟಲೆ ನಿಂತಾಗ ತುಟಿ ಯಾರೂ ನೋಡಲ್ಲ, ಎಲ್ಲರ ಕಣ್ಣು ಎದುರಿಗೆ ಕುಣಿಯುವವರ ಮೇಲೆ!

ಈಗಾಗಲೇ ಚುಚ್ಚಿಕೊಂಡವರು ಯಾರಾದರೂ ಓದುತ್ತಿದ್ದರೆ: ಚರ್ಮ ಬೆಳ್ಳಗಾದರೆ, ತಡೆಯಲಾಗದ ನೋವಿದ್ದರೆ, ದೃಷ್ಟಿ ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ. ಐಸ್ ಇಡಬೇಡಿ. ಬಾಕ್ಸನ್ನೂ ಜೊತೆಗೆ ತೆಗೆದುಕೊಂಡು ಹೊರಡಿ. ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಹೈಲುರಾನಿಡೇಸ್ ಇದೆಯಾ ಕೇಳಿ. ಕೆಲವು ವಾರ ಬಿಟ್ಟು ಗಂಟು ಗಂಟಾಗಿ ಕೀವು ಬಂದರೂ ಸುಮ್ನೆ ಆಂಟಿಬಯೋಟಿಕ್ ನುಂಗಬೇಡಿ. ಕ್ಷಯದ ಜಾತಿಯ ಒಂದು ಬ್ಯಾಕ್ಟೀರಿಯಾ ಹೀಗೆ ಬರುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ಬೇಕು.

ಗೋಣಿಕೊಪ್ಪದ ತಂಗಿ:
ಅಕ್ಕ ಓದಿದಳು. ಸಿಟ್ಟು ಬಂದಿದೆ, ಆದರೆ ಬಾಕ್ಸ್ ನನ್ನ ಕೈಗೆ ಕೊಟ್ಟಿದ್ದಾಳೆ. ಮಾರಿದವರು ವಾಪಸ್ ತಗೊಳ್ಳಲ್ಲ ಅಂದರು. ಸೂಜಿಗಳನ್ನು ಕಸಕ್ಕೆ ಹಾಕಬಹುದಾ?

ಮೆಡಿಕಲ್ ಶಾಪಿನವ, ಕುಶಾಲನಗರ:
ಬೇಡ, ಪಂಚಾಯಿತಿ ಕಸ ಬೇರ್ಪಡಿಸುವವರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಹಾಕುವ ಬಿಳಿ ಡಬ್ಬ ಇರುತ್ತದೆ, ಕೇಳಿ ಅದಕ್ಕೆ ಹಾಕಿಸಿ. ಬಾಕ್ಸ್ ಮಾತ್ರ ಎಸೆಯುವ ಮುಂಚೆ ಫೋಟೋ ತೆಗೆದಿಡಿ, ಡ್ರಗ್ಸ್ ಇನ್ಸ್‌ಪೆಕ್ಟರ್‌ಗೆ ದೂರು ಕೊಡುವುದಾದರೆ ಬೇಕಾಗುತ್ತದೆ.