ಪದ ಬೇಕು: ಬರ್ಗಂಡಿಯನ್ನರೋ, ಬುರ್ಗುಂಡರೋ?

ನಮಸ್ಕಾರ. ನಾಳೆ ಸಂಜೆಯೊಳಗೆ ಇತಿಹಾಸದ ಲೇಖನವೊಂದರ ಅನುವಾದ ಕಳಿಸಬೇಕು. ಇಂಗ್ಲಿಷಿನಲ್ಲಿ ‘ಬರ್ಗಂಡಿಯನ್’ ಅನ್ನುವ ಪದ ಎರಡು ಕಡೆ ಬಂದಿದೆ. ಒಂದು ಕಡೆ, ಕ್ರಿ.ಶ. 500ರ ಸುಮಾರಿಗೆ ಈ ಹೆಸರಿನ ಜರ್ಮ್ಯಾನಿಕ್ ಜನರನ್ನು ಆಳಿದ ಗುಂಡೊಬಾದ್ ದೊರೆಯ ಕಾಲದ ನುಡಿ. ಇನ್ನೊಂದು ಕಡೆ ಫ್ರಾನ್ಸಿನ ಮೊರ್ವಾಂ ಗುಡ್ಡಗಾಡಿನ ಹಳ್ಳಿಯವರ ಮಾತು. ಎರಡಕ್ಕೂ ಒಂದೇ ಪದ ಸಾಕಾ? ಗುಂಡೊಬಾದನ ಜನರ ಕಾನೂನಿನಲ್ಲಿ ಬರುವ ‘ವಿತ್ತಿಮೊನ್’ಗೂ ಕನ್ನಡ ಬೇಕು. ಮದುವೆಗೆ ಗಂಡಿನ ಕಡೆಯವರು ಕೊಡುವ ಹಣ. ‘ವಧುದಕ್ಷಿಣೆ’ ಅಂತ ಬರೆದೆ, ಮನಸ್ಸಿಗೆ ಕೂರಲಿಲ್ಲ.

---

> ಒಂದೇ ಪದ ಸಾಕಾ?

ಸಾಲದು. ಮೊದಲನೆಯದು ಪೂರ್ವ ಜರ್ಮ್ಯಾನಿಕ್ ಕವಲಿನದು, ಗಾಥಿಕ್ ಎಂಬ ಹಳೆಯ ನುಡಿಗೆ ನೆಂಟ. ಎರಡನೆಯದು ಲ್ಯಾಟಿನ್ನಿನಿಂದ ಬಂದದ್ದು, ಫ್ರೆಂಚಿನ ತಂಗಿ. ಅದನ್ನು ‘ಬೂರ್ಗಿನ್ಯೋಂ’ ಅನ್ನಿ.

ರೈನ್ ದಂಡೆಯ ರಾಜ್ಯವನ್ನು ಹೂಣರು ಹಾಳುಮಾಡಿದ ಮೇಲೆ, 443ರಲ್ಲಿ ರೋಮನ್ನರು ಆ ಮೊದಲನೆಯ ನುಡಿಯ ಜನರನ್ನು ಜಿನೀವಾ ಸರೋವರದ ಕಡೆ ನೆಲೆಗೊಳಿಸಿದರು. 534ರಲ್ಲಿ ಆ ರಾಜ್ಯವೂ ಫ್ರಾಂಕರ ಪಾಲಾಯಿತು. ನುಡಿಯಲ್ಲಿ ಉಳಿದದ್ದು ಹೆಸರುಗಳು, ಲ್ಯಾಟಿನ್ ಕಾನೂನಿನ ನಡುವೆ ಸಿಕ್ಕಿಕೊಂಡ ‘ವಿತ್ತಿಮೊನ್’ನಂಥ ನಾಲ್ಕಾರು ಪದಗಳು. ಅದಕ್ಕೇ ಅವನ್ನು ಜೋಪಾನವಾಗಿ ತರಬೇಕು.

ವಿತ್ತಿಮೊನ್ ಅಂದರೆ ‘ತೆರ’. ನಮ್ಮಜ್ಜಿ ‘ತೆರ ಕೊಟ್ಟು ತಂದ ಸೊಸೆ’ ಅನ್ನುತ್ತಿದ್ದರಲ್ಲ, ಅದೇ. ಅದೇ ಕಾನೂನಿನಲ್ಲಿ ‘ಮೊರ್ಗಿನೆಗಿವ’ ಕೂಡ ಇದೆ. ಮದುವೆಯ ಮರುದಿನ ಬೆಳಗ್ಗೆ ಗಂಡ ಹೆಂಡತಿಗೆ ಕೊಡುವ ಉಡುಗೊರೆ. ಎರಡನ್ನೂ ಬೆರೆಸಬೇಡಿ. ತೆರ ಹೆಣ್ಣಿನ ಮನೆಯವರಿಗೆ, ಇದು ಅವಳಿಗೆ.

---

ಜನರಿಗೆ ‘ಬುರ್ಗುಂಡರು’ ಸರಿ. ‘ಬರ್ಗಂಡಿ’ ಅಂದರೆ ಸೀರೆ ಅಂಗಡಿಯ ಬಣ್ಣ ನೆನಪಾಗುತ್ತೆ. ಬೇರನ್ನೂ ನೋಡಿ. ‘ಎತ್ತರ’ ಅನ್ನುವ ಅರ್ಥದ್ದು, ಸಂಸ್ಕೃತದ ‘ಬೃಹತ್’ ಅದರದ್ದೇ ಕವಲು. ‘ಬೃಹಂತರು’ ಅಂದರೂ ತಪ್ಪಿಲ್ಲ.

---

> ಅಂದರೂ ತಪ್ಪಿಲ್ಲ

ತಪ್ಪು. ಬೇರು ಒಂದೇ ಅಂತ ಜನರ ಹೆಸರನ್ನೇ ಅನುವಾದಿಸೋಕಾಗಲ್ಲ. ಸುಮ್ನೆ ‘ಬರ್ಗಂಡಿಯನ್ನರು’ ಅನ್ನಿ, ಓದುಗರಿಗೆ ಹುಡುಕಿದರೆ ಸಿಗುತ್ತೆ.

---

‘ಬೃಹಂತರು’ ಬಿಟ್ಟೆ. ಆದರೆ ಎಲ್ಲವನ್ನೂ ಇಂಗ್ಲಿಷಿನ ಬಾಯಿಂದಲೇ ಯಾಕೆ ಪಡೆಯಬೇಕು? ಚಾವಿ, ಅನಾನಸು, ಪಾದ್ರಿ ಪೋರ್ಚುಗೀಸಿನಿಂದ ಬಂದವು, ಇಂಗ್ಲಿಷಿನ ಹಂಗಿರಲಿಲ್ಲ.

---

ಹಾಗಾದರೆ ‘ಜರ್ಮನಿ’ಯನ್ನೂ ಬಿಡ್ತೀರಾ? ಅವರು ಡಾಯ್ಚ್‌ಲಾಂಡ್ ಅಂತಾರೆ.

---

ಜರ್ಮನಿ ನಮ್ಮಲ್ಲಿ ಬೇರೂರಿದೆ, ಇರಲಿ. ಈ ಜನರಿಗೆ ಕನ್ನಡದಲ್ಲಿ ಹೆಸರು ಇನ್ನೂ ಗಟ್ಟಿಯಾಗಿಲ್ಲ. ಲ್ಯಾಟಿನ್ನಿನಲ್ಲೂ ಜರ್ಮನ್ನಿನಲ್ಲೂ ‘ಬುರ್ಗುಂಡ್’ ಅಂತಲೇ ಇರುವಾಗ ನಾವು ‘ಬರ್ಗಂಡ್’ ಅನ್ನಬೇಕಾ?

---

ಎಲ್ಲರಿಗೂ ಧನ್ಯವಾದ. ‘ಬುರ್ಗುಂಡರು’, ‘ಬೂರ್ಗಿನ್ಯೋಂ’, ‘ತೆರ’ ಹಾಕಿದ್ದೇನೆ. ಮೊರ್ಗಿನೆಗಿವವನ್ನು ಹಾಗೇ ಇಟ್ಟು, ಪಕ್ಕದಲ್ಲಿ ‘ಬೆಳಗಿನ ಉಡುಗೊರೆ’ ಅಂತ ಬರೆದಿದ್ದೇನೆ.