ಈಜು ಸರಿಯಾಗಿ ಬಾರದವರು ರೊವಾಟಾನ್ ಮತ್ತು ಕೊಝುಮೆಲ್‌ನಲ್ಲಿ ಸ್ನಾರ್ಕೆಲಿಂಗ್ ಮಾಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಬಳಿ ನೆಲೆಸಿರುವ ನಾವು ಮಾರ್ಚ್ ಕೊನೆಯ ವಾರದಲ್ಲಿ ಗ್ಯಾಲ್ವೆಸ್ಟನ್ ಬಂದರಿನಿಂದ ಕ್ರೂಸ್ ಹಡಗಿನಲ್ಲಿ ಹೊರಡುತ್ತಿದ್ದೇವೆ. ಹಡಗು ಮೊದಲು ಹೊಂಡುರಾಸ್‌ನ ರೊವಾಟಾನ್ ದ್ವೀಪದಲ್ಲಿಯೂ ಆಮೇಲೆ ಮೆಕ್ಸಿಕೊದ ಕೊಝುಮೆಲ್‌ನಲ್ಲಿಯೂ ಒಂದೊಂದು ಹಗಲು ನಿಲ್ಲುತ್ತದೆ. ಅಲ್ಲಿ ಸ್ನಾರ್ಕೆಲಿಂಗ್ ಮಾಡುವ, ಅಂದರೆ ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿಕೊಂಡು, ನೀರಿನ ಮೇಲೆ ಚಾಚಿದ ಕೊಳವೆಯ ಮೂಲಕ ಬಾಯಿಂದ ಉಸಿರಾಡುತ್ತಾ ತೇಲಿ ಕೆಳಗಿನ ಹವಳ, ಮೀನುಗಳನ್ನು ನೋಡುವ ಆಸೆ ನಮಗಿದೆ. ಹತ್ತು ವರ್ಷದ ಮಗಳು ಚೆನ್ನಾಗಿ ಈಜುತ್ತಾಳೆ. ನನ್ನ ಮತ್ತು ನನ್ನ ಪತ್ನಿಯ ಈಜು ಅಷ್ಟಕ್ಕಷ್ಟೇ. ಮೈಸೂರಿನಿಂದ ಬಂದಿರುವ ನಮ್ಮ ತಂದೆಯವರಿಗೆ ಅರವತ್ತೇಳು ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಕಾವೇರಿಯಲ್ಲಿ ಈಜಿದವರಾದ್ದರಿಂದ ನಮ್ಮೆಲ್ಲರಿಗಿಂತ ಅವರಿಗೇ ಉತ್ಸಾಹ ಹೆಚ್ಚು. ಎರಡು ದ್ವೀಪಗಳಲ್ಲಿ ಯಾವುದು ಹೊಸಬರಿಗೆ ಅನುಕೂಲ, ದೂರದ್ದು ಕಾಣಲು ಮೈನಸ್ ನಾಲ್ಕರ ಕನ್ನಡಕ ಬೇಕಿರುವ ನಾನು ಏನು ಮಾಡಬೇಕು, ಮತ್ತು ತಂದೆಯವರನ್ನು ನೀರಿಗೆ ಇಳಿಸುವುದು ಸರಿಯೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನೀವಿಬ್ಬರೂ ಖಂಡಿತ ಮಾಡಬಹುದು, ಆದರೆ ಕೊಳವೆಯ ಮೂಲಕ ಮೊದಲ ಉಸಿರನ್ನು ಸಮುದ್ರದಲ್ಲಿ ಎಳೆಯುವಂತಾಗಬಾರದು. ಸ್ನಾರ್ಕೆಲಿಂಗ್‌ನಲ್ಲಿ ಕೈಕಾಲು ಆಡಿಸುವ ಕೆಲಸ ಕಡಿಮೆ. ಮುಖವನ್ನು ನೀರಿನಲ್ಲಿಟ್ಟು ಬಾಯಿಯಿಂದ ನಿಧಾನವಾಗಿ, ಆಳವಾಗಿ ಉಸಿರಾಡುವುದನ್ನು ಕಲಿತರೆ ಮುಕ್ಕಾಲು ಪಾಲು ಕಲಿತಂತೆ. ಮೂಗು ಮಾಸ್ಕಿನೊಳಗೆ ಮುಚ್ಚಿಹೋದೊಡನೆ ಗಾಬರಿಯಿಂದ ಸಣ್ಣ ಸಣ್ಣ ಉಸಿರು ಎಳೆಯತೊಡಗುತ್ತೇವೆ, ಆಗ ಕೊಳವೆಯಲ್ಲಿ ಉಳಿದ ಹಳೆಯ ಗಾಳಿಯೇ ಮತ್ತೆ ಮತ್ತೆ ಒಳಗೆ ಹೋಗಿ ಗಾಬರಿ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಹೊರಡುವ ಮೊದಲೇ ನಿಮ್ಮ ಬಡಾವಣೆಯ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು, ಕೊಳವೆಗೆ ನುಗ್ಗಿದ ನೀರನ್ನು ಒಮ್ಮೆ ಬಲವಾಗಿ ಊದಿ ಹೊರಹಾಕುವುದನ್ನೂ, ಮಾಸ್ಕಿನೊಳಗೆ ಬಂದ ನೀರನ್ನು ಅದರ ಮೇಲಂಚು ಹಣೆಗೆ ಒತ್ತಿ ಹಿಡಿದು ಮೂಗಿನಿಂದ ಉಸಿರು ಬಿಟ್ಟು ತೆಗೆಯುವುದನ್ನೂ ರೂಢಿ ಮಾಡಿಕೊಳ್ಳಿ.

ಹಡಗು ಮೊದಲು ರೊವಾಟಾನ್ ಮುಟ್ಟುವುದು ನಿಮ್ಮ ಅದೃಷ್ಟ. ಅಲ್ಲಿನ ವೆಸ್ಟ್ ಬೇ ಕಡಲತೀರದಲ್ಲಿ ಹವಳದ ದಿಬ್ಬ ದಡಕ್ಕೆ ಬಹಳ ಹತ್ತಿರದಲ್ಲಿದೆ. ಮರಳಿನ ಮೇಲಿಂದ ನಡೆದೇ ನೀರಿಗಿಳಿದು, ಸಾಕೆನಿಸಿದಾಗ ಹಿಂತಿರುಗಬಹುದು. ಕೊಝುಮೆಲ್‌ನಲ್ಲಿ ಹಾಗಲ್ಲ. ಪಶ್ಚಿಮ ಕರಾವಳಿಯುದ್ದಕ್ಕೂ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಸೆಳೆತವಿರುವುದರಿಂದ, ದೋಣಿಯಲ್ಲಿ ಹೋದವರು ಒಂದೆಡೆ ಇಳಿದು ನೀರಿನೊಡನೆ ತೇಲಿಕೊಂಡು ಸಾಗುತ್ತಾರೆ, ದೋಣಿ ಅವರನ್ನು ಹಿಂಬಾಲಿಸಿ ಮುಂದೆ ಹತ್ತಿಸಿಕೊಳ್ಳುತ್ತದೆ. ಸೆಳೆತಕ್ಕೆ ಎದುರಾಗಿ ಈಜಲು ಹೋಗದೆ ಮಾರ್ಗದರ್ಶಕರ ಬಳಿಯೇ ಇದ್ದರೆ ಅದು ಬಹಳ ಸುಂದರವಾದ ಅನುಭವ. ಆದರೆ ಮೊದಲ ಪಾಠಕ್ಕೆ ತಕ್ಕ ಸ್ಥಳವಲ್ಲ. ಎರಡೂ ಕಡೆ ಲೈಫ್ ಜಾಕೆಟ್ ಬಿಚ್ಚಬೇಡಿ. ಮಗಳು ಎಷ್ಟೇ ಚೆನ್ನಾಗಿ ಈಜಿದರೂ ಅವಳಿಗೂ ಒಂದು ಇರಲಿ, ಮತ್ತು ಒಬ್ಬರು ಸದಾ ಅವಳ ಕೈಗೆಟಕುವ ದೂರದಲ್ಲಿರಲಿ.

ಮಾಸ್ಕನ್ನು ಸ್ವಂತಕ್ಕೆ ಕೊಳ್ಳುವುದು ಒಳ್ಳೆಯದು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ತಾನಾಗಿ ಅಂಟಿಕೊಂಡು ನಿಂತರೆ ನಿಮ್ಮ ಮುಖಕ್ಕೆ ಸರಿಹೊಂದುತ್ತದೆ ಎಂದರ್ಥ. ಮೀಸೆ ದಪ್ಪವಿದ್ದರೆ ನೀರು ಸೋರುತ್ತದೆ. ನಿಮ್ಮ ಪವರ್‌ಗೆ ಸಿದ್ಧ ಮಸೂರಗಳಿರುವ ಮಾಸ್ಕ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಕನ್ನಡಕದ ಮೇಲೆ ಮಾಸ್ಕ್ ಹಾಕಲು ಸಾಧ್ಯವೇ ಇಲ್ಲ. ಹೊಸ ಗಾಜಿನ ಒಳಮೈಯನ್ನು ಟೂತ್‌ಪೇಸ್ಟ್‌ನಿಂದ ಉಜ್ಜಿ ತೊಳೆದು, ಇಳಿಯುವ ಮುನ್ನ ಒಂದು ಹನಿ ಬೇಬಿ ಶ್ಯಾಂಪೂ ಸವರಿ ಜಾಲಿಸಿದರೆ ಮಂಜು ಕಟ್ಟುವುದಿಲ್ಲ.

ಎರಡನೆಯ ಉತ್ತರ

ತಂದೆಯವರ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ವೈದ್ಯರನ್ನು ಕೇಳದೆ ಅವರನ್ನು ಇಳಿಸಬೇಡಿ, ಕೇಳುವಾಗಲೂ ಹೃದಯದ ಪರೀಕ್ಷೆ ಬೇಕೇ ಎಂದು ನಿರ್ದಿಷ್ಟವಾಗಿ ಕೇಳಿ. ನದಿಯಲ್ಲಿ ಈಜಿ ಅಭ್ಯಾಸವಿರುವುದು ಬೇರೆ, ಕೊಳವೆಯ ಮೂಲಕ ಉಸಿರೆಳೆಯುವುದು ಬೇರೆ. ಹವಾಯಿಯಲ್ಲಿ ನಡೆದ ಅಧ್ಯಯನವೊಂದು, ಗಾಳಿ ಸರಾಗವಾಗಿ ಹರಿಯದ ಕೊಳವೆ, ದೇಹಶ್ರಮ ಮತ್ತು ಮೊದಲೇ ಇದ್ದ ಹೃದಯದ ತೊಂದರೆ ಒಟ್ಟುಗೂಡಿದಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಂಡು, ನೀರು ಕುಡಿಯದೆಯೇ, ಸದ್ದಿಲ್ಲದೆ ಜನ ಪ್ರಾಣ ಕಳೆದುಕೊಂಡಿರಬಹುದೆಂದು ಹೇಳಿದೆ. ಕಾರಣವಿಲ್ಲದೆ ಏದುಸಿರು ಬಂದರೆ, ಯಾವ ವಯಸ್ಸಿನವರೇ ಆಗಲಿ, ಕೂಡಲೇ ಕೊಳವೆ ತೆಗೆದು, ಅಂಗಾತ ತಿರುಗಿ ಅಥವಾ ಎದ್ದು ನಿಂತು, ಸಹಾಯ ಕೂಗಿ ನೀರಿನಿಂದ ಹೊರಬರಬೇಕು. ಸುಧಾರಿಸೀತು ಎಂದು ಕಾಯಬಾರದು.

ಇಡೀ ಮುಖ ಮುಚ್ಚುವ ಮಾಸ್ಕ್ ಹೊಸಬರಿಗೆ ಸುಲಭ ಎಂದು ಅಂಗಡಿಯವರು ಹೇಳುತ್ತಾರೆ. ಅಗ್ಗದವುಗಳಲ್ಲಿ ಬಿಟ್ಟ ಗಾಳಿ ಸರಿಯಾಗಿ ಹೊರಹೋಗದಿರುವ ಅಪಾಯವಿದೆ, ಉಸಿರು ಕಟ್ಟಿದಾಗ ಬಾಯಿಂದ ಉಗುಳಿ ಬಿಡುವಂತೆಯೂ ಇಲ್ಲ. ನನ್ನ ಮನೆಯವರಿಗೆ ನಾನು ಕೊಡುವುದಿಲ್ಲ.

ವೈದ್ಯರು ಬೇಡವೆಂದರೆ ತಂದೆಯವರು ನಿರಾಶರಾಗಬೇಕಿಲ್ಲ. ಕೊಝುಮೆಲ್‌ನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ. ಹವಳವನ್ನೂ ಮೀನುಗಳನ್ನೂ ಕುಳಿತಲ್ಲೇ ನೋಡಬಹುದು.

ಮೂರನೆಯ ಉತ್ತರ

ಹವಳದ ಪರವಾಗಿ ಒಂದು ಮಾತು. ನೀವು ಹೋಗುವ ಎರಡೂ ಸ್ಥಳಗಳು ಮೆಕ್ಸಿಕೊದಿಂದ ಹೊಂಡುರಾಸ್‌ವರೆಗೆ ಹಬ್ಬಿರುವ ಮೆಸೊಅಮೆರಿಕನ್ ಹವಳ ಸಾಲಿಗೆ ಸೇರಿವೆ. ಕೊಝುಮೆಲ್‌ನ ದಿಬ್ಬಗಳು 1996ರಿಂದ ರಾಷ್ಟ್ರೀಯ ಉದ್ಯಾನ. ಹವಳ ಕಲ್ಲಿನಂತೆ ಕಂಡರೂ ಜೀವವಿರುವ ಪ್ರಾಣಿಗಳ ಸಮೂಹ. 2018ರಿಂದ ಅಲ್ಲಿ ಹರಡಿರುವ ರೋಗ ಮತ್ತು 2023ರ ವಿಪರೀತ ಬಿಸಿನೀರು ಎರಡೂ ಅದನ್ನು ಬಹಳ ಘಾಸಿಗೊಳಿಸಿವೆ. ದಣಿವಾದಾಗ ಅದರ ಮೇಲೆ ಕಾಲೂರಬೇಡಿ, ಈಜಲು ಪಾದಕ್ಕೆ ತೊಡುವ ಫಿನ್ ತಾಗಿಸಬೇಡಿ. ಬೆಂಕಿಹವಳ ತಾಗಿದರೆ ನಿಮಗೂ ಚರ್ಮ ಉರಿಯುತ್ತದೆ. ಸನ್‌ಸ್ಕ್ರೀನ್ ಬಳಿಯುವುದಕ್ಕಿಂತ ಉದ್ದ ತೋಳಿನ ಈಜುಡುಪು ಮತ್ತು ಲೆಗ್ಗಿಂಗ್ಸ್ ತೊಡುವುದು ವಾಸಿ, ಏಕೆಂದರೆ ಮುಖ ಕೆಳಗಿಟ್ಟು ತೇಲುವಾಗ ಬಿಸಿಲೆಲ್ಲ ಬೆನ್ನು ಮತ್ತು ಮೀನಖಂಡಕ್ಕೇ ಬೀಳುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಂದೆಯವರನ್ನು ಮುಂದಿನ ವಾರ ವೈದ್ಯರ ಬಳಿ ಕರೆದೊಯ್ಯುತ್ತೇನೆ. ವೆಸ್ಟ್ ಬೇಗೆ ನಾವೇ ಟ್ಯಾಕ್ಸಿಯಲ್ಲಿ ಹೋಗಬಹುದೇ, ಹಡಗಿನವರ ಏರ್ಪಾಡಿನಲ್ಲೇ ಹೋಗಬೇಕೇ?

ಮೊದಲ ಉತ್ತರ ಬರೆದವರು

ಟ್ಯಾಕ್ಸಿಯಲ್ಲಿ ಹೋಗಬಹುದು, ಖರ್ಚೂ ಕಡಿಮೆ. ಆದರೆ ಹಡಗಿನವರೇ ಏರ್ಪಡಿಸಿದ ತಂಡ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಟೆಕ್ಸಾಸ್‌ನಲ್ಲಿರುವಂತೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಹೊಂಡುರಾಸ್‌ನಲ್ಲಿ ಇಲ್ಲ. ಹಡಗು ಟೆಕ್ಸಾಸ್ ಸಮಯವನ್ನೇ ಪಾಲಿಸಿದರೆ ಮಾರ್ಚ್ ಕೊನೆಯಲ್ಲಿ ದ್ವೀಪದ ಗಡಿಯಾರ ಅದಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಆದ್ದರಿಂದ ಇಳಿಯುವ ಮುನ್ನ ಹಡಗಿನ ಸಮಯವನ್ನು ಕೈಗಡಿಯಾರದಲ್ಲಿ ಹೊಂದಿಸಿಕೊಂಡು, ಚಾಲಕರಿಗೂ ಅದೇ ಸಮಯವನ್ನು ತೋರಿಸಿ ಹೇಳಿ.