ಅನುಪಾತದ ಲೆಕ್ಕಕ್ಕೆ ಪಟ್ಟಿ ಚಿತ್ರ: ಮಕ್ಕಳು ಎಡವುವುದು ಎಲ್ಲಿ?

ಪ್ರಶ್ನೆ (7ನೇ ತರಗತಿ ಗಣಿತ ಶಿಕ್ಷಕಿ): ಅನುಪಾತವನ್ನು ಸುಲಭ ರೂಪಕ್ಕೆ ತರುವುದು, ಒಟ್ಟು ಮೊತ್ತವನ್ನು ಹಂಚುವುದು ಮಕ್ಕಳಿಗೆ ಬರುತ್ತದೆ. ಹೇಳಿಕೆ ಸ್ವಲ್ಪ ತಿರುಗಿದರೆ ಮಾತ್ರ ಕಷ್ಟ. "ರವಿ ಮತ್ತು ಸಲ್ಮಾ ಬಳಿಯ ಹಣದ ಅನುಪಾತ 5:3. ಸಲ್ಮಾಗಿಂತ ರವಿಯ ಬಳಿ 48 ರೂಪಾಯಿ ಹೆಚ್ಚಿದೆ. ಯಾರ ಬಳಿ ಎಷ್ಟಿದೆ?" ಎಂದು ಕೊಟ್ಟರೆ, 48ನ್ನು 8ರಿಂದ ಭಾಗಿಸಿ 30 ಮತ್ತು 18 ಎಂದು ಬರೆಯುತ್ತಾರೆ. ಪಟ್ಟಿ ಚಿತ್ರ (ಅನುಪಾತದ ಒಂದೊಂದು ಭಾಗಕ್ಕೂ ಒಂದೊಂದು ಸಮ ಮನೆಯಂತೆ ಎಳೆದ ಪಟ್ಟಿ) ಬರೆಸಿ ನೋಡಿದೆ. ಚಿತ್ರ ಬರೆದು ಪಕ್ಕಕ್ಕಿಟ್ಟು ಮತ್ತೆ ಅದೇ ತಪ್ಪು ಲೆಕ್ಕ ಮಾಡುತ್ತಾರೆ.

ಉತ್ತರ (ಗಣಿತ ಸಂಪನ್ಮೂಲ ವ್ಯಕ್ತಿ): 48 ಎಂಬ ಸಂಖ್ಯೆ ಆ ಚಿತ್ರದೊಳಗೆ ಬಂದೇ ಇಲ್ಲ, ಅದೇ ತೊಂದರೆ. ಭಾಗಗಳನ್ನು ಕೂಡಿ, ಒಟ್ಟನ್ನು ಭಾಗಿಸಿ, ಆಯಾ ಭಾಗದಿಂದ ಗುಣಿಸುವ ಕ್ರಮ ನಮ್ಮಲ್ಲಿ ಬಹಳ ಹಳೆಯದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರೇ ಹೇಳಿದ್ದಾರೆ. ಆದರೆ ಕೈಯಲ್ಲಿ ಒಟ್ಟು ಮೊತ್ತ ಇದ್ದಾಗ ಮಾತ್ರ ಅದು ನಡೆಯುತ್ತದೆ. ಇಲ್ಲಿ ಕೊಟ್ಟಿರುವುದು ವ್ಯತ್ಯಾಸ.

ಚೌಕುಳಿ ಪುಸ್ತಕದಲ್ಲಿ ಹೀಗೆ ಬರೆಸಿ:

ರವಿ  ▢▢▢▢▢
ಸಲ್ಮಾ ▢▢▢

ಎರಡು ಪಟ್ಟಿಗಳೂ ಎಡಗಡೆ ಒಂದೇ ಗೆರೆಯಿಂದ ಹೊರಡಬೇಕು. ಒಂದೊಂದು ಮನೆಗೂ ಎರಡು ಚೌಕ ಅಗಲ ಕೊಡಿ, ಮುಂದೆ ಅರ್ಧ ಮಾಡಬೇಕಾಗಿ ಬಂದರೆ ಅನುಕೂಲ. ಆಮೇಲೆ, ಕೂಡುವ ಭಾಗಿಸುವ ಮಾತೆತ್ತುವ ಮೊದಲೇ, "48 ಎಲ್ಲಿ ಕೂರುತ್ತದೆ? ಬೆರಳಿಟ್ಟು ತೋರಿಸು" ಎಂದು ಕೇಳಿ. ರವಿಯ ಪಟ್ಟಿಯಲ್ಲಿ ಹೊರಗೆ ಚಾಚಿದ ಎರಡು ಮನೆಗಳ ಮೇಲೆ ಕಂಸ ಹಾಕಿ 48 ಬರೆಯಬೇಕು. ಪಕ್ಕದಲ್ಲಿ "2 ಮನೆ = 48" ಎಂಬ ಸಾಲು. ಅಲ್ಲಿಂದ 1 ಮನೆ = 24, ರವಿ 120, ಸಲ್ಮಾ 72. ಕೊನೆಗೆ 120 − 72 = 48 ಎಂದು ತಾಳೆ ನೋಡಿಸಿ. 30 ಮತ್ತು 18 ಬರೆದವರಿಗೆ ವ್ಯತ್ಯಾಸ 12 ಬರುತ್ತದೆ, ತಪ್ಪು ತಾನಾಗಿ ಕಾಣುತ್ತದೆ.

ಇನ್ನೊಂದು ತಪ್ಪಿನ ಮೇಲೂ ಕಣ್ಣಿಡಿ. ಕೆಲವರು ಒಂದೇ ಉದ್ದದ ಎರಡು ಪಟ್ಟಿ ಎಳೆದು, ಒಂದನ್ನು 5 ಭಾಗ, ಇನ್ನೊಂದನ್ನು 3 ಭಾಗ ಮಾಡುತ್ತಾರೆ. ಭಿನ್ನರಾಶಿ ಪಾಠದ ಅಭ್ಯಾಸ ಅದು. ಅಲ್ಲಿ ಪೂರ್ಣ ಸಮ, ತುಂಡು ಬೇರೆ ಬೇರೆ. ಅನುಪಾತದಲ್ಲಿ ತುಂಡು ಸಮ, ಪಟ್ಟಿಯ ಉದ್ದ ಬೇರೆ. ಎಲ್ಲ ಮನೆಗಳೂ ಒಂದೇ ಅಳತೆ ಎಂಬುದು ತಪ್ಪಿದರೆ ಮುಂದಿನ ಯಾವ ಹೆಜ್ಜೆಯೂ ಸರಿಹೋಗದು.

ಪ್ರಶ್ನೆ (ಅದೇ ಶಿಕ್ಷಕಿ): ಇದು ಸರಿ. ಅನುಪಾತವೇ ಬದಲಾಗುವ ಲೆಕ್ಕಗಳಿಗೆ? "ಶಿಬಿರದಲ್ಲಿ ಹುಡುಗರು, ಹುಡುಗಿಯರು 2:3. ಮತ್ತೆ 4 ಹುಡುಗರು ಸೇರಿದಾಗ 3:4 ಆಯಿತು." ಮಕ್ಕಳು 2 ಇದ್ದದ್ದು 3 ಆಯಿತು, ಹಾಗಾದರೆ 1 ಮನೆ = 4 ಎನ್ನುತ್ತಾರೆ.

ಉತ್ತರ (ಸಂಪನ್ಮೂಲ ವ್ಯಕ್ತಿ): ಹಾಗಿದ್ದರೆ ಹುಡುಗಿಯರು ಮೊದಲು 12, ಆಮೇಲೆ 16. ಒಬ್ಬ ಹುಡುಗಿಯೂ ಸೇರಿಲ್ಲವಲ್ಲ, ಹೇಗಾಯಿತು ಎಂದು ಮಕ್ಕಳನ್ನೇ ಕೇಳಿ. ಮೊದಲಿನ ಚಿತ್ರದ ಮನೆಯೂ ಎರಡನೇ ಚಿತ್ರದ ಮನೆಯೂ ಒಂದೇ ಅಳತೆಯವಲ್ಲ ಎಂಬುದು ಆಗ ಹೊಳೆಯುತ್ತದೆ.

ಈ ಬಗೆಯ ಲೆಕ್ಕದಲ್ಲಿ ಪೆನ್ಸಿಲ್ ಹಿಡಿಯುವ ಮೊದಲು ಕೇಳಬೇಕಾದ್ದು ಒಂದೇ: ಬದಲಾಗದೆ ಉಳಿದದ್ದು ಯಾವುದು? ಇಲ್ಲಿ ಹುಡುಗಿಯರ ಸಂಖ್ಯೆ. ಅದು ಒಮ್ಮೆ 3 ಮನೆ, ಇನ್ನೊಮ್ಮೆ 4 ಮನೆ. 3 ಮತ್ತು 4ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) 12. ಹುಡುಗಿಯರ ಪಟ್ಟಿಗೆ 12 ಚಿಕ್ಕ ಮನೆ ಮಾಡಿದರೆ ಮೊದಲಿನ ಅನುಪಾತ 8:12, ನಂತರದ್ದು 9:12. ಹುಡುಗರ ಪಟ್ಟಿಗೆ ಹೆಚ್ಚಾದದ್ದು ಒಂದೇ ಚಿಕ್ಕ ಮನೆ, ಅದು 4. ಹುಡುಗಿಯರು 48, ಹುಡುಗರು 32 ಇದ್ದವರು 36 ಆದರು. ಹಳೆಯ ಚಿತ್ರದಲ್ಲೇ ಗೆರೆ ತುರುಕಬೇಡಿ, ಒಂದು ಚೌಕಕ್ಕೆ ಒಂದು ಚಿಕ್ಕ ಮನೆಯಂತೆ ಹೊಸದಾಗಿ ಬರೆಸಿ. ತುರುಕಿದ ಗೆರೆಗಳಲ್ಲಿ ಎಣಿಕೆ ತಪ್ಪುವುದೇ ಹೆಚ್ಚು.

ಇನ್ನೊಬ್ಬ ಸದಸ್ಯರು (ಪ್ರೌಢಶಾಲಾ ಶಿಕ್ಷಕ): ಇದಕ್ಕೆ ಸೇರಿಸುವುದಿದೆ. ಒಬ್ಬರು ಇನ್ನೊಬ್ಬರಿಗೆ ಗೋಲಿ ಕೊಟ್ಟರೆ ಒಟ್ಟು ಬದಲಾಗದು. 7:5 ಇದ್ದದ್ದು 6 ಗೋಲಿ ಕೊಟ್ಟ ಮೇಲೆ 5:4 ಆದರೆ, ಒಟ್ಟು 12 ಮತ್ತು 9 ಮನೆ. ಎರಡನ್ನೂ 36ಕ್ಕೆ ತಂದರೆ 21:15 ಮತ್ತು 20:16. ಕೈ ಬದಲಿಸಿದ್ದು ಒಂದು ಮನೆ, ಅದೇ 6. ಅಂದರೆ ಮೊದಲು 126 ಮತ್ತು 90. ವಯಸ್ಸಿನ ಲೆಕ್ಕದಲ್ಲಿ ವ್ಯತ್ಯಾಸ ಬದಲಾಗದು. ತಾಯಿ ಮಗಳು ಈಗ 4:1, 4 ವರ್ಷದ ನಂತರ 3:1. ವ್ಯತ್ಯಾಸ 3 ಮನೆ ಮತ್ತು 2 ಮನೆ, 6ಕ್ಕೆ ತಂದರೆ 8:2 ಮತ್ತು 9:3. ಒಂದು ಮನೆ 4 ವರ್ಷ, ಈಗ 32 ಮತ್ತು 8. ವಯಸ್ಸಿನ ಲೆಕ್ಕದಲ್ಲಿ ಮಕ್ಕಳು ತಾಯಿಗೆ ಮಾತ್ರ 4 ವರ್ಷ ಕೂಡಿಸಿ ಮಗಳನ್ನು ಮರೆಯುತ್ತಾರೆ. ಎರಡೂ ಪಟ್ಟಿಗೆ ಸಮ ತುಂಡು ಅಂಟಿಸಲು ಹೇಳಿದರೆ ಮರೆಯಲಾರರು.

ಪ್ರಶ್ನೆ (ಪೋಷಕರು): ನಮ್ಮ ಮನೆ ಕಟ್ಟುವಾಗ ಕಾಂಕ್ರೀಟಿಗೆ 1:1½:3 ಎಂದರು. ಮಗ ಅರ್ಧ ಮನೆ ಹೇಗೆ ಬರೆಯಲಿ ಅಂತಾನೆ.

ಉತ್ತರ (ಸಂಪನ್ಮೂಲ ವ್ಯಕ್ತಿ): ಅದು ಎಂ20 ಎಂಬ ಬಲದ ದರ್ಜೆಯ ಕಾಂಕ್ರೀಟಿಗೆ ಬಳಸುವ ಮಿಶ್ರಣ: ಸಿಮೆಂಟ್, ಮರಳು, ಜಲ್ಲಿ, ಗಾತ್ರದ ಲೆಕ್ಕದಲ್ಲಿ. ಎಲ್ಲ ಮನೆಗಳನ್ನೂ ನಡುವೆ ಸೀಳಿದರೆ 2:3:6. 50 ಕೆ.ಜಿ. ಸಿಮೆಂಟ್ ಚೀಲದ ಗಾತ್ರ ಸುಮಾರು 35 ಲೀಟರ್. 2 ಮನೆ = 35, ಒಂದು ಮನೆ 17.5, ಮರಳು 52.5 ಲೀಟರ್, ಜಲ್ಲಿ 105 ಲೀಟರ್. ಆದರೆ ಮೂರನ್ನೂ ಕೂಡಿ 192.5 ಲೀಟರ್ ಕಾಂಕ್ರೀಟ್ ಎಂದು ಹೇಳಲು ಬಿಡಬೇಡಿ. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಇಳಿಯುವುದರಿಂದ ಸಿಗುವುದು ಅದಕ್ಕಿಂತ ಕಡಿಮೆ.

ಪ್ರಶ್ನೆ (ಶಿಕ್ಷಕಿ): ಚಿತ್ರ ಕೈಕೊಡುವ ಲೆಕ್ಕ ಯಾವುದು?

ಉತ್ತರ (ಸಂಪನ್ಮೂಲ ವ್ಯಕ್ತಿ): ಏನೂ ಸ್ಥಿರವಾಗಿ ಉಳಿಯದಿದ್ದಾಗ. ರವಿ, ಸಲ್ಮಾ ಹಣ 5:3. ರವಿ 20 ಖರ್ಚು ಮಾಡಿದ, ಸಲ್ಮಾಗೆ 15 ಸಿಕ್ಕಿತು, ಈಗ 4:3. ಇಬ್ಬರ ಹಣವೂ, ಒಟ್ಟೂ, ವ್ಯತ್ಯಾಸವೂ ಬದಲಾದವು. ಪಟ್ಟಿ ಸೀಳುತ್ತಾ ಕೂರುವುದು ವ್ಯರ್ಥ. ಮೊದಲ ಚಿತ್ರ ಮಾತ್ರ ಬರೆಸಿ, ಒಂದು ಮನೆಗೆ 'ಕ' ಎಂದು ಹೆಸರಿಡಿ. ರವಿ 5ಕ − 20, ಸಲ್ಮಾ 3ಕ + 15. ಇವು 4:3 ಆಗಿರುವುದರಿಂದ 3(5ಕ − 20) = 4(3ಕ + 15). ಬಿಡಿಸಿದರೆ 3ಕ = 120, ಕ = 40. ಮೊದಲು 200 ಮತ್ತು 120, ಈಗ 180 ಮತ್ತು 135. ಪಟ್ಟಿ ಚಿತ್ರದಲ್ಲಿ ಪಳಗಿದವರಿಗೆ 'ಕ' ಹೊಸದೆನಿಸುವುದಿಲ್ಲ, ಇಷ್ಟು ದಿನ "1 ಮನೆ" ಎಂದು ಬರೆದದ್ದೇ ಅದು. 7ನೇ ತರಗತಿಯವರಿಗೆ ಇದನ್ನು ಪರೀಕ್ಷೆಗೆ ಕೊಡಬೇಡಿ, ಕಪ್ಪುಹಲಗೆಯ ಮೇಲೆ ಒಟ್ಟಿಗೆ ಮಾಡಿ.